ಬುಲೆಟ್‌ನ ಪ್ರೈಮರಿ ಚೈನ್: ಮನೆಯಲ್ಲೇ ಬದಲಿಸಬೇಕಾ, ಮೆಕ್ಯಾನಿಕ್‌ಗೆ ಕೊಡಬೇಕಾ?

ಪರ

ಹಳೆ ಬುಲೆಟ್ ನಂಬಿಕೊಂಡು ದೂರ ದೂರ ಹೋಗುವವರು ಅದರ ಪ್ರೈಮರಿ ಕೇಸನ್ನು, ಅಂದರೆ ಎಡಗಡೆ ಪ್ರೈಮರಿ ಚೈನ್ ಕೂತಿರುವ ಡಬ್ಬಿಯನ್ನು, ತಾವೇ ಬಿಚ್ಚಲು ಕಲಿಯಬೇಕು. ನಾನು ಹೇಳುತ್ತಿರುವುದು ಎಂಜಿನ್, ಗೇರ್‌ಬಾಕ್ಸ್ ಒಂದೇ ಆಗಿರುವ ಯುಸಿಇ ಎಂಜಿನ್ ಬರುವುದಕ್ಕೂ ಮುಂಚಿನ ಕಾಸ್ಟ್ ಐರನ್ ಗಾಡಿಯ ಮಾತು. ಅದರಲ್ಲಿ ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ. ನಡುವೆ ಎಂಜಿನ್ನಿನ ಶಕ್ತಿಯನ್ನು ಕ್ಲಚ್‌ಗೆ ಮುಟ್ಟಿಸುವ ಎರಡು ಸಾಲಿನ ಚೈನ್, ಅದೇ ಪ್ರೈಮರಿ ಚೈನ್.

ಹೊರಗಿನ ಕವರ್ ನಿಂತಿರುವುದು ಮಧ್ಯದ ಒಂದೇ ಒಂದು ದೊಡ್ಡ ನಟ್ಟಿನ ಮೇಲೆ. ಎಡಗಡೆಯ ಫುಟ್‌ರೆಸ್ಟ್, ಬ್ರೇಕ್ ಪೆಡಲ್ ತೆಗೆದು, ಕೆಳಗೆ ಟ್ರೇ ಇಟ್ಟು ಆ ನಟ್ ಬಿಚ್ಚಿದರೆ ಆಯಿಲ್ ಸುರಿಯುತ್ತದೆ, ಒಳಗಿನದೆಲ್ಲ ಕಣ್ಣೆದುರಿಗೆ ಬರುತ್ತದೆ. ಚೈನನ್ನು ನಡುವೆ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿ. ಎಂಜಿನ್ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಬೇಕು, ಯಾಕಂದ್ರೆ ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ತುಂಬಾ ಬಿಗಿಯಿರುವ ಜಾಗದಲ್ಲಿ ಸುಮಾರು 6 ಮಿ.ಮೀ. ಪ್ಲೇ, ಅಂದರೆ ಸಡಿಲ, ಇರಬೇಕು. ಅಡ್ಜಸ್ಟರ್ ಕೊನೆಗೆ ಬಂದರೂ ಚೈನ್ ಜೋತಾಡುತ್ತಿದ್ದರೆ ಅದರ ಆಯಸ್ಸು ಮುಗಿಯಿತು.

ಆಮೇಲೆ ಸ್ಪ್ರಾಕೆಟ್, ಅಂದರೆ ಚೈನ್ ಸುತ್ತುವ ಚಕ್ರದ ಹಲ್ಲು ನೋಡಿ. ಕೊಕ್ಕೆ ತರ ಬಾಗಿದ್ದರೆ ಚೈನ್ ಒಂದನ್ನೇ ಹಾಕಿ ಪ್ರಯೋಜನವಿಲ್ಲ, ಹಳೆ ಹಲ್ಲು ಹೊಸ ಚೈನನ್ನೂ ತಿನ್ನುತ್ತದೆ. ಹತ್ತು ಗಾಡಿ ಸಾಲಾಗಿ ನಿಂತಿರುವ ಗ್ಯಾರೇಜಿನಲ್ಲಿ ಇಷ್ಟು ನಿಧಾನವಾಗಿ ನೋಡಲು ಯಾರಿಗೆ ಪುರಸೊತ್ತು? ನಮ್ಮ ಗಾಡಿ ಅಂದರೆ ನಾವು ನೋಡುತ್ತೇವೆ. ಹಳೆ ಸ್ಪ್ರಾಕೆಟ್ ಕೈಯಲ್ಲಿ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಹಲ್ಲು ಎಣಿಸಿ, ಪಕ್ಕದಲ್ಲಿಟ್ಟು ಹೋಲಿಸಿಯೇ ತರಬಹುದು.

ಒಮ್ಮೆ ಒಳಗೆ ನೋಡಿದವರಿಗೆ ಚಾರ್ಮಾಡಿ ಘಾಟಿಯಲ್ಲಿ ಎಡಗಡೆಯಿಂದ ಕಟಕಟ ಅಂತ ಸದ್ದು ಬಂದಾಗ ಏನಾಗುತ್ತಿದೆ ಅನ್ನುವ ಅಂದಾಜಾದರೂ ಇರುತ್ತದೆ. ಗಾಡಿ ನಿಲ್ಲಿಸಬೇಕಾ, ಮೆಲ್ಲಗೆ ಕೊಟ್ಟಿಗೆಹಾರ ಮುಟ್ಟಬಹುದಾ ಅಂತ ಅವರೇ ತೀರ್ಮಾನಿಸಬಹುದು.

ವಿರೋಧ

ಕವರ್ ಬಿಚ್ಚುವುದು ಸುಲಭ, ಒಪ್ಪಿದೆ. ಪ್ಲೇ ನೋಡಿ ಅಡ್ಜಸ್ಟ್ ಮಾಡುವುದನ್ನೂ ಮನೆಯಲ್ಲೇ ಮಾಡಿ. ಬದಲಿಸುವುದು ಮಾತ್ರ ಬೇರೆಯದೇ ಕೆಲಸ.

ಈ ಚೈನಿಗೆ ಬಿಚ್ಚುವ ಲಾಕ್ ಇರುವುದಿಲ್ಲ. ಎಂಜಿನ್ ಸ್ಪ್ರಾಕೆಟ್, ಕ್ಲಚ್, ಚೈನ್ ಮೂರನ್ನೂ ಒಟ್ಟಿಗೇ ಹೊರಗೆ ತೆಗೆಯಬೇಕು. ಅದಕ್ಕೂ ಮೊದಲು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಬೇಕು. ಕ್ಲಚ್ ತಿರುಗದ ಹಾಗೆ ಹಿಡಿಯಲು ಒಂದು ಟೂಲ್, ಎಳೆದು ತೆಗೆಯಲು ಪುಲ್ಲರ್. ಇವು ಎಷ್ಟು ಜನರ ಮನೆಯಲ್ಲಿವೆ? ಇಲ್ಲದವರು ಹಲ್ಲುಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ನಟ್ ತಿರುಗಿಸುತ್ತಾರೆ. ಸ್ಪ್ರಾಕೆಟ್ ಹಾಳಾಗುವುದು ಅಲ್ಲೇ.

ಇನ್ನು ವಾಪಸ್ ಜೋಡಿಸುವಾಗ ಆಲ್ಟರ್ನೇಟರಿನ ತಿರುಗುವ ಭಾಗವಾದ ರೋಟರ್‌ಗೂ ಸುತ್ತ ನಿಂತಿರುವ ವೈರ್ ಸುರುಳಿಯ ಸ್ಟೇಟರ್‌ಗೂ ನಡುವೆ ಸುತ್ತಲೂ ಸುಮಾರು 0.2 ಮಿ.ಮೀ. ಗ್ಯಾಪ್ ಇರಬೇಕು. ಗ್ಯಾಪ್ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಹಾಕದೆ ಕಣ್ಣಳತೆಯಲ್ಲಿ ಆಗುವ ಕೆಲಸವಲ್ಲ ಇದು. ಸಾಲದ್ದಕ್ಕೆ ರೋಟರ್ ಒಂದು ಅಯಸ್ಕಾಂತ. ಪಾರ್ಕಿಂಗ್ ನೆಲದ ಮೇಲಿಟ್ಟರೆ ಕಬ್ಬಿಣದ ಚೂರೆಲ್ಲ ಅದಕ್ಕೇ ಅಂಟುತ್ತದೆ, ಅದೇ ಚೂರು ಆಮೇಲೆ ಒಳಗೆ ಉಜ್ಜುತ್ತದೆ. ಸ್ಟೇಟರ್ ವೈರ್ ಚೈನಿಗೆ ತಾಗಿದರಂತೂ ಚಾರ್ಜಿಂಗ್ ಹೋಯಿತು ಅಂತಲೇ ಲೆಕ್ಕ. ಬ್ಯಾಟರಿ ಕರೆಂಟಿನಿಂದಲೇ ಕಿಡಿ ಹೊತ್ತಿಸುವ ಹಳೆ ಪಾಯಿಂಟ್ ಗಾಡಿ ಊರಿಂದಾಚೆ ಎಲ್ಲೋ ನಿಂತುಬಿಡುತ್ತದೆ. ಟೂರಿಗೆ ಹೋಗುವವರಿಗೆ ಇದಕ್ಕಿಂತ ತಲೆನೋವು ಬೇಕಾ?

ದುಡ್ಡು ಉಳಿಯುತ್ತದೆ ಅನ್ನುತ್ತಾರೆ. ಒಂದೇ ಗಾಡಿಗೆ ಇಷ್ಟು ಟೂಲ್ ಕೊಂಡರೆ ಉಳಿಯುವುದು ಅಷ್ಟಕ್ಕಷ್ಟೇ.

ಹಳೆ ಬುಲೆಟ್ ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಹುಡುಕಿ. ಚೈನ್, ಸ್ಪ್ರಾಕೆಟ್ ನೀವೇ ತಂದುಕೊಡಿ. ಪಕ್ಕದಲ್ಲಿ ನಿಂತು ನೋಡಿ, ‘ಅಣ್ಣಾ, ಕವರ್ ಹಾಕೋ ಮುಂಚೆ ಗ್ಯಾಪ್ ಒಂದ್ಸಲ ತೋರ್ಸಿ’ ಅಂತ ಕೇಳಿ. ಕೆಲಸ ಗೊತ್ತಿರುವವರು ತೋರಿಸುತ್ತಾರೆ.