ಓದಲು ಬಾರದ ಕೋಡನ್ನು ಹೊಸದಾಗಿ ಬರೆಯುವುದು ಹೇಗೆ?

'ಮೇನ್‌ಫ್ರೇಮ್‌ನ ಹಳೆಯ ಅಸೆಂಬ್ಲರ್ ಕೋಡ್ ಎಸೆದು ಜಾವಾದಲ್ಲಿ ಬರೆದರೆ ಮುಗಿಯಿತು' ಎಂಬ ಒಂದು ಲೇಖನದ ಮಾತನ್ನು ನಾನು ಒಪ್ಪುವುದಿಲ್ಲ. ಮೇನ್‌ಫ್ರೇಮ್ ಅಂದರೆ ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರ್, ಅಸೆಂಬ್ಲರ್ ಅಂದರೆ ಯಂತ್ರದ ಭಾಷೆಗೆ ತೀರಾ ಹತ್ತಿರದ ಭಾಷೆ. ಕಲಬುರಗಿಯ ಮನೆಯಿಂದಲೇ ಇಂಥ ಕೋಡ್ ನೋಡಿಕೊಳ್ಳುವುದು ನನ್ನ ದಿನದ ಕೆಲಸ. ಬರೆಯುವುದು ಕಷ್ಟವಲ್ಲ, ಅದು ಏನು ಮಾಡುತ್ತಿದೆ ಅಂತ ತಿಳಿಯುವುದೇ ಕಷ್ಟ.

1964ರಲ್ಲಿ ಬಂದ ಐಬಿಎಂ ಸಿಸ್ಟಮ್/360ರಲ್ಲಿ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಶೇಖರಣಾ ಜಾಗ) 32 ಬಿಟ್, ಮೆಮೊರಿಯ ವಿಳಾಸಕ್ಕೆ ಬೇಕಾಗಿದ್ದು 24 ಬಿಟ್ ಮಾತ್ರ. ಉಳಿದ 8 ಬಿಟ್ ಸುಮ್ನೆ ಯಾಕೆ ಬಿಡಬೇಕು ಅಂತ ಪ್ರೋಗ್ರಾಮರುಗಳು ಅಲ್ಲಿ ಫ್ಲ್ಯಾಗ್ (ಹೌದು-ಇಲ್ಲ ಗುರುತು) ಇಟ್ಟರು. ಆಗ ಮೆಮೊರಿ ತುಂಬಾ ದುಬಾರಿ, ಅವರದು ತಪ್ಪಲ್ಲ. 1980ರ ದಶಕದಲ್ಲಿ 31 ಬಿಟ್ ವಿಳಾಸ ಬಂತು. ಹೀಗೆ ಫ್ಲ್ಯಾಗ್ ಇಟ್ಟ ಪ್ರೋಗ್ರಾಮನ್ನು ಹಾಗೇ 31 ಬಿಟ್‌ಗೆ ತಂದರೆ ಫ್ಲ್ಯಾಗೂ ವಿಳಾಸಕ್ಕೆ ಸೇರಿಕೊಂಡು, ಅದು ಎಲ್ಲೋ ಹೋಗಿ ಬೀಳುತ್ತದೆ. ಇಂಥ ಒಂದೇ ಒಂದು ಬೈಟ್ ಹುಡುಕಲು ನಾನು ಮೂರು ರಾತ್ರಿ ಡಂಪ್ (ಮೆಮೊರಿಯಲ್ಲಿ ಇದ್ದುದರ ಪ್ರತಿ) ಓದಿದ್ದೇನೆ. ಕೋಡಿನ ಕಾಮೆಂಟಿನಲ್ಲಿ (ವಿವರಣೆಯಲ್ಲಿ) ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಬದಲಿಸಲೇಬಾರದು ಅನ್ನುತ್ತಿಲ್ಲ. ಮೊದಲು ಓದಬಲ್ಲವರನ್ನು ತಯಾರು ಮಾಡಿ. ನಮ್ಮ ಕಡೆ ಕಾಲೇಜಿನಲ್ಲಿ ಇಂಟೆಲ್ 8086 ಪ್ರೊಸೆಸರಿನ ಅಸೆಂಬ್ಲಿ ಕಲಿತವರು ಇದ್ದಾರೆ, ರಿಜಿಸ್ಟರ್ ಅಂದರೇನು ಅಂತ ಅವರಿಗೆ ಗೊತ್ತು. ಪ್ಯಾಕ್ಡ್ ಡೆಸಿಮಲ್ (ಒಂದು ಬೈಟಿನಲ್ಲಿ ಎರಡು ದಶಮಾಂಶ ಅಂಕಿ ಇಡುವ ರೀತಿ), ಬೇಸ್ ರಿಜಿಸ್ಟರ್‌ನ 4096 ಬೈಟ್ ಮಿತಿ (ಹಳೆಯ ಆದೇಶಗಳಲ್ಲಿ ಅದರಲ್ಲಿರುವ ವಿಳಾಸದಿಂದ ಅಷ್ಟು ದೂರದವರೆಗೆ ಮಾತ್ರ ತಲುಪಬಹುದು), ಇವನ್ನು ಹೇಳಿಕೊಟ್ಟರೆ ಹಿಡಿದುಕೊಳ್ಳುತ್ತಾರೆ. ಬಲ್ಲ ಹಿರಿಯರು ನಿವೃತ್ತರಾಗುವ ಮುಂಚೆ ಈ ಹುಡುಗ ಹುಡುಗಿಯರನ್ನು ಅವರ ಪಕ್ಕ ಕೂರಿಸಬೇಕು, ಅಲ್ವಾ?