ಲೋ ಬಿಪಿಗೆ ಮಾತ್ರೆ ನುಂಗಿ ಮಲಗಬೇಕಾ?

"ತಲೆ ಸುತ್ತಿದರೆ ಮಿಡೋಡ್ರಿನ್ ನುಂಗಿ ಮಲಗಿ, ಲೋ ಬಿಪಿ ಸರಿಹೋಗುತ್ತೆ." ರಾಯಚೂರಿನ ನಮ್ಮ ಓಣಿಯ ಗ್ರೂಪಿಗೂ ಈ ಮೆಸೇಜ್ ಬಂತು.

ಸತ್ಯಾಂಶ: ನುಂಗಿ ಮಲಗೋದೇ ತಪ್ಪು. ಈ ಮಾತ್ರೆ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಅಂಗಾತ ಮಲಗಿದರೆ ಬಿಪಿ ವಿಪರೀತ ಏರಬಹುದು. ಅದಕ್ಕೇ ದಿನದ ಕೊನೆಯ ಡೋಸ್ ರಾತ್ರಿ ಮಲಗುವ ಕನಿಷ್ಠ 4 ಗಂಟೆ ಮುಂಚೆಯೇ ಮುಗಿಯಬೇಕು. (ಮಾತ್ರೆ ಇಲ್ಲದೆ ಸುಮ್ನೆ ಮಲಗಿದರೆ ಪರವಾಗಿಲ್ಲ.) ಲೋ ಬಿಪಿಗೆ ಕೊಡುವ ಇನ್ನೊಂದು ಮಾತ್ರೆ ಫ್ಲೂಡ್ರೊಕಾರ್ಟಿಸೋನ್, ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸಲೂಬಹುದು. ಎರಡೂ ಡಾಕ್ಟರ್ ಚೀಟಿ ಇದ್ದರೆ ಮಾತ್ರ.

ಬಿಪಿ 90/60 ಇದ್ದು ತೊಂದರೆಯೇನೂ ಇಲ್ಲದಿದ್ದರೆ ಸಾಮಾನ್ಯವಾಗಿ ಮಾತ್ರೆಯೇ ಬೇಡ. ಮೇ ಬಿಸಿಲಲ್ಲಿ ಹೊಲದಿಂದ ಬಂದ ದೊಡ್ಡಪ್ಪ ಮಂಚದಿಂದ ಥಟ್ಟನೆ ಎದ್ದು ಗೋಡೆ ಹಿಡಿದರೆ, ಬೆವರಿ ನೀರು ಕಮ್ಮಿಯಾಗಿರಬಹುದು. ಅವರ ಹೈ ಬಿಪಿ ಮಾತ್ರೆಯ ಡೋಸೇ ಜಾಸ್ತಿ ಆಗಿರಲೂಬಹುದು, ಅಲ್ವಾ?