ಲಿವರ್ ಕ್ಯಾನ್ಸರ್ ಇಂಜೆಕ್ಷನ್: ಆ ಸುದ್ದಿ ಹಳೆಯದು

‘ಲಿವರ್ ಕ್ಯಾನ್ಸರ್ ಆಪರೇಷನ್ ಆದಮೇಲೆ ಅಟೆಜೊಲಿಜುಮಾಬ್, ಬೆವಾಸಿಜುಮಾಬ್ ಎಂಬ ಎರಡು ಇಂಜೆಕ್ಷನ್ ಹಾಕಿಸಿಕೊಂಡರೆ ರೋಗ ಮರಳುವುದಿಲ್ಲ’ ಎಂಬ ಸಂದೇಶ ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಹೊಲ ಮಾರಲು ಹೊರಡುವ ಮುನ್ನ ಪೂರ್ತಿ ಓದಿ.

ಇದಕ್ಕೆ ಆಧಾರ 2023ರಲ್ಲಿ ಪ್ರಕಟವಾದ ಐಎಂಬ್ರೇವ್050 ಅಧ್ಯಯನ. ಆಪರೇಷನ್ ಅಥವಾ ಗಡ್ಡೆ ಸುಡುವ ಚಿಕಿತ್ಸೆ ಆಗಿ, ಮರುಕಳಿಸುವ ಅಪಾಯ ಹೆಚ್ಚಿದ್ದ 668 ಜನರಲ್ಲಿ ಅರ್ಧದಷ್ಟು ಮಂದಿಗೆ ಮೂರು ವಾರಕ್ಕೊಮ್ಮೆ ಈ ಔಷಧ ಕೊಟ್ಟರು, ಉಳಿದವರಿಗೆ ತಪಾಸಣೆಯಷ್ಟೇ. ವರ್ಷದ ಹೊತ್ತಿಗೆ ರೋಗ ಮರಳದೆ ಬದುಕಿದ್ದವರು ಶೇ 78, ಔಷಧವಿಲ್ಲದವರಲ್ಲಿ ಶೇ 65. ಆಗಲೂ ‘ಮರಳುವುದೇ ಇಲ್ಲ’ ಅನ್ನುವಂಥದ್ದೇನೂ ಅಲ್ಲಿರಲಿಲ್ಲ. 2024ರಲ್ಲಿ ಇನ್ನಷ್ಟು ಕಾಲ ಗಮನಿಸಿದ ಲೆಕ್ಕ ಬಂತು: ಆ ಲಾಭ ಉಳಿಯಲಿಲ್ಲ. ಈ ಎರಡನೇ ಸುದ್ದಿ ಮಾತ್ರ ಫಾರ್ವರ್ಡ್ ಆಗಲಿಲ್ಲ, ನೋಡಿ!

ಹಾಗಂತ ಔಷಧವೇ ದಂಡ ಅಂತಲ್ಲ. ಆಪರೇಷನ್ ಮಾಡಲಾಗದ ಲಿವರ್ ಕ್ಯಾನ್ಸರ್‌ಗೆ ಇದೇ ಜೋಡಿ ಬಳಕೆಯಲ್ಲಿದೆ. ಅಂಥವರು ಇದನ್ನೋದಿ ಚಿಕಿತ್ಸೆ ನಿಲ್ಲಿಸಬೇಡಿ.